ನಿಜಲಿಂಗಪ್ಪನವರು ತಪ್ಪು ಗೆರೆ ಓದಿದ್ದು

ನಿಜಲಿಂಗಪ್ಪನವರು ಮರಾಠಿ ನಾಡಿನ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅಳತೆ ನೋಡುವ ಕೆಲಸ ಮಾಡಿದರು. ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸ್ ಕಳಿಸುವವರು. ಈ ಜಮಖಂಡಿ ಮನುಷ್ಯನ ಕಣ್ಣು ತಪ್ಪುವುದಿಲ್ಲ ಎಂದು ಕಾರ್ಖಾನೆಯಲ್ಲೆಲ್ಲ ಮಾತಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಅವರೇ.

೨೦೦೨ರಲ್ಲಿ ನಿವೃತ್ತರಾಗಿ ಒಂದು ಹಳೆಯ ಕಾರು ಕೊಂಡರು. ಪವರ್ ಸ್ಟೀರಿಂಗ್ ಇದ್ದದ್ದು. ಒಂದೇ ಬೆರಳಲ್ಲಿ ಚಕ್ರ ತಿರುಗಿಸಿ ಹೆಂಡತಿ ಶಿವಗಂಗವ್ವನಿಗೆ ತೋರಿಸಿದರು. ಮರುವರ್ಷ ಸ್ಟೀರಿಂಗ್ ಎಣ್ಣೆಯ ಪೈಪು ಬಿರುಕು ಬಿಟ್ಟಿತು. ಬೋಪೋಡಿಯಲ್ಲಿ ಗ್ಯಾರೇಜು ಇಟ್ಟಿದ್ದ ಇಂಡಿ ಕಡೆಯ ಬಾಳಕೃಷ್ಣ ಹೊಸ ಪೈಪು ಹಾಕಿಕೊಟ್ಟು, "ಎಣ್ಣಿ ಆಗಾಗ ನೋಡ್ಕೋತ ಇರ್ರಿ ಸಾಹೇಬ್ರ" ಎಂದ.

ಆಗಾಗ ಏನು, ದಿನಾ ನೋಡಿದರು. ಬೆಳಿಗ್ಗೆ ಸ್ನಾನಕ್ಕೂ ಮೊದಲು ಬಾನೆಟ್ ಎತ್ತಿ, ಎಣ್ಣೆ ಡಬ್ಬಿಯ ಮುಚ್ಚಳಕ್ಕೆ ಅಂಟಿದ ಕಡ್ಡಿಯನ್ನು ಒರೆಸಿ ಅದ್ದಿ ನೋಡಿದರೆ ಎಣ್ಣೆ ಗೆರೆಗಿಂತ ಕೆಳಗೆ. ಗೆರೆ ಮುಟ್ಟುವತನಕ ತುಂಬಿದರು. ಭೋಸರಿಗೆ ಹೋಗಿ ಬರುವಷ್ಟರಲ್ಲಿ ಮುಚ್ಚಳದ ಸುತ್ತ ಎಣ್ಣೆ ಉಕ್ಕಿ ಹರಿದಿತ್ತು. ಮರುದಿನ ಮತ್ತೆ ಗೆರೆಗಿಂತ ಕೆಳಗೆ. ಮತ್ತೆ ತುಂಬಿದರು, ಮತ್ತೆ ಹರಿಯಿತು. ನಾಲ್ಕನೆಯ ದಿನ, ಬಾಳಕೃಷ್ಣ ಹೊಸ ಪೈಪು ಹಾಕಿಯೇ ಇಲ್ಲವೆಂದು ತೀರ್ಮಾನಿಸಿದರು.

ಭಾನುವಾರ ಗ್ಯಾರೇಜಿನ ಬೆಂಚಿನ ಮೇಲೆ ಆರೇಳು ಗಿರಾಕಿಗಳಿದ್ದರು. ಬಾಳಕೃಷ್ಣನ ಜೊತೆ ಸದಾ ಕನ್ನಡದಲ್ಲೇ ಮಾತಾಡುವ ನಿಜಲಿಂಗಪ್ಪನವರು ಅಂದು ಎಲ್ಲರಿಗೂ ತಿಳಿಯಲೆಂದೇ ಮರಾಠಿಯಲ್ಲಿ ಕೂಗಾಡಿದರು. ಹಳೇ ಪೈಪನ್ನೇ ಒರೆಸಿ ಹಾಕಿದ್ದಾನೆ, ಕಳ್ಳ ಇವನು, ಯಾರೂ ಇಲ್ಲಿ ಗಾಡಿ ಬಿಡಬೇಡಿ ಎಂದರು. ಬಾಳಕೃಷ್ಣ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದು ಕನ್ನಡದಲ್ಲಿ, "ಒಂದ್ ಸಲ ಬಾನೆಟ್ ಎತ್ರಿ, ನೋಡೂಣು" ಎಂದ.

"ಅಳತಿ ನೋಡೂದು ನನಗ ಕಲಸ್ತಿಯೇನು?" ಎಂದು ಕಾರಿನ ಬಾಗಿಲು ಬಡಿದು ಹೊರಟರು. ತಳೇಗಾಂವದಿಂದ ಬಂದಿದ್ದ ಟೆಂಪೊ ಮಾಲೀಕನೊಬ್ಬ ತನ್ನ ಗಾಡಿಯ ಕೀಲಿ ವಾಪಸ್ ಇಸಿದುಕೊಳ್ಳುತ್ತಿದ್ದುದು ಕನ್ನಡಿಯಲ್ಲಿ ಕಂಡಿತು. ಅವರಿಗೆ ಆಗ ಸಮಾಧಾನವೇ ಆಯಿತು.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಕಡ್ಡಿಯನ್ನು ಬಿಸಿಲಿಗೆ ಹಿಡಿದರು. ತಾವು ದಿನಾ ನೋಡುತ್ತಿದ್ದ ಗೆರೆಯ ಪಕ್ಕ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ 'ಹಾಟ್' ಎಂದಿತ್ತು. ತಿರುವಿದರು. ಆ ಬದಿಗೆ, ಇನ್ನೂ ಕೆಳಗೆ, ಬೇರೊಂದು ಗೆರೆ, 'ಕೋಲ್ಡ್' ಎಂದಿತ್ತು. ಬಿಸಿಯಾದಾಗ ಎಣ್ಣೆ ಉಬ್ಬುತ್ತದೆ. ತಣ್ಣಗಿದ್ದ ಗಾಡಿಗೆ ಬಿಸಿ ಗೆರೆತನಕ ತುಂಬಿದರೆ ಉಕ್ಕದೆ ಏನಾದೀತು? ಪೈಪಿಗೆ ಏನೂ ಆಗಿರಲಿಲ್ಲ. ಮೊದಲ ದಿನವೇ ಎಣ್ಣೆ ಸರಿಯಾಗಿತ್ತು.

ಎರಡು ದಿನ ಮನೆ ಬಿಟ್ಟು ಹೊರಬೀಳಲಿಲ್ಲ. ಮೂರನೆಯ ದಿನ ಸಂಜೆ, ಗಿರಾಕಿಗಳೆಲ್ಲ ಹೋದಮೇಲೆ, ಗ್ಯಾರೇಜಿಗೆ ಹೋದರು.

"ತಪ್ಪು ನಂದ ಅದ ತಮ್ಮಾ. ಕಡ್ಡಿ ತಿರುವಿ ನೋಡಲೇ ಇಲ್ಲ."

"ಇರ್ಲಿ ಬಿಡ್ರಿ" ಎಂದ ಬಾಳಕೃಷ್ಣ, ದೊಡ್ಡ ಸಿರಿಂಜಿನಿಂದ ಹೆಚ್ಚಿನ ಎಣ್ಣೆ ಎಳೆದು ತೆಗೆದ.

ಮನೆಗೆ ಬಂದು ಹಗುರಾಗಿ ಎಲ್ಲ ಹೇಳಿದರು. ಮೆಂತ್ಯದ ಸೊಪ್ಪು ಸೋಸುತ್ತಿದ್ದ ಶಿವಗಂಗವ್ವ ತಲೆ ಎತ್ತದೆ, "ಬೈಯೂಮುಂದ ಮರಾಠಿ, ತಪ್ಪಾತು ಅನ್ನೂಮುಂದ ಕನ್ನಡ ಏನ್ರಿ?" ಎಂದರು.

ಮುಂದಿನ ಭಾನುವಾರ ನಿಜಲಿಂಗಪ್ಪನವರು ಗ್ಯಾರೇಜಿನ ಬೆಂಚು ತುಂಬಿದ್ದಾಗಲೇ ಹೋದರು. ಈ ಮನುಷ್ಯನನ್ನು ಕಳ್ಳ ಅಂದೆ, ತಪ್ಪು ನನ್ನದು ಎಂದು ಮರಾಠಿಯಲ್ಲಿ, ಗಟ್ಟಿಯಾಗಿ ಹೇಳಿದರು. ಪೇಪರ್ ಓದುತ್ತಿದ್ದವನೊಬ್ಬ ತಲೆ ಎತ್ತಿದ. ಇನ್ನೊಬ್ಬ, ಏನು ಕದ್ದಿದ್ದ ಎಂದು ಪಕ್ಕದವನನ್ನು ಕೇಳಿದ.

ಬಾಳಕೃಷ್ಣ ಹತ್ತಿರ ಬಂದು ಮೆಲ್ಲಗೆ, "ಅವತ್ತಿನ ಮಂದಿ ಇವರಲ್ರಿ ಸಾಹೇಬ್ರ. ಈಗ ಇವರಿಗೂ ಗೊತ್ತಾತು" ಎಂದ.

ನಿಜಲಿಂಗಪ್ಪನವರು ಆ ಟೆಂಪೊದವನ ವಿಳಾಸ ಕೇಳಿದರು. ಅವನು ಅಂದೇ ಮೊದಲ ಸಲ ಬಂದವನು, ಬಾಳಕೃಷ್ಣನಿಗೆ ಊರು ಬಿಟ್ಟರೆ ಹೆಸರೂ ಗೊತ್ತಿರಲಿಲ್ಲ. ಎರಡು ಸಲ ತಳೇಗಾಂವಕ್ಕೆ ಹೋಗಿ ಟೆಂಪೊಗಳು ನಿಲ್ಲುವಲ್ಲೆಲ್ಲ ವಿಚಾರಿಸಿದರು. ಸಿಗಲಿಲ್ಲ.

ಕಾರು ಮಾರುವತನಕ ಅವರು ಬಾಳಕೃಷ್ಣನಲ್ಲಿಗೇ ಹೋದರು. ಅವನು ಮರ್ಯಾದೆಯಿಂದಲೇ ಕೆಲಸ ಮಾಡಿಕೊಟ್ಟ. ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. "ಅಂವ ನನಗ ಒಂದ್ ಸಲ ಬೈದುಬಿಟ್ಟಿದ್ರ ಚಲೋ ಇತ್ತು" ಎಂದು ನಿಜಲಿಂಗಪ್ಪನವರು ಹೆಂಡತಿಯ ಮುಂದೆ ಎಷ್ಟೋ ಸಲ ಹೇಳಿದ್ದಾರೆ.