ಕಲಗಚ್ಚಿಗೆ ಸುರಿದ ಹಿಟ್ಟು

ನನ್ನ ಮಗುವಿಗೆಂದು ಅಕ್ಕ ಮಾಡಿ ತಂದ ರಾಗಿ ಹಿಟ್ಟನ್ನು ನಾನು ಒಂದು ಚಮಚವೂ ಉಣ್ಣಿಸಲಿಲ್ಲ. ಮೊನ್ನೆ ಮರಿಮಗನ ಸರಿಗೆಂದು ಮೊಳಕೆ ರಾಗಿ ಹುರಿಯುತ್ತಿದ್ದೆ. ಆ ಘಮ ಬಂದದ್ದೇ ಕೈ ನಿಂತುಬಿಟ್ಟಿತು...

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಲು ಕೂತೆ. ಅಕ್ಕ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಓದಿ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳಾದಳು. ಮದುವೆಯಾಗಿ ವರ್ಷಗಳು ಕಳೆದರೂ ಅವಳಿಗೆ ಮಕ್ಕಳಾಗಲಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಬಸುರಿಯಾಗಿ ತವರಿಗೆ ಬಂದಿದ್ದೆ. ಅಕ್ಕ ಮಗ್ಗದ ಪಕ್ಕ ಕೂತು ಹೊಸದಾಗಿ ಓದಿದ್ದನ್ನು ಹೇಳಿದಳು. ಮಾಗುತ್ತಿರುವ ಅಂಡಾಣುವಿಗೆ ಸಕ್ಕರೆಯನ್ನು ತಾನೇ ಅರಗಿಸಿಕೊಳ್ಳಲು ಬರುವುದಿಲ್ಲವಂತೆ. ಸುತ್ತ ಅಂಟಿಕೊಂಡ ಸಣ್ಣ ಕೋಶಗಳು ಅದನ್ನು ಒಡೆದು ಕೊಟ್ಟರೆ, ಅದನ್ನು ಉರಿಸಿಕೊಂಡು ಮಾಗುತ್ತದಂತೆ. ಇಲಿಗಳಲ್ಲಿ ಹೀಗೆ ಕಂಡಿದ್ದಾರಂತೆ.

"ಅಂದ್ರೆ ಕೂಸಿಗೆ ರಾಗಿ ಸರಿ ಮಾಡಿ ತಿನ್ನಿಸ್ದಂಗಾ?" ಅಂದೆ.

"ಹ್ಞೂ ಕಣೇ! ನಮ್ಮ ಹುಡುಗೀರಿಗೆ ನೀನೇ ಬಂದು ಪಾಠ ಮಾಡು," ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ನನ್ನೊಳಗೆ ಯಾರು ಉಣ್ಸೋದು ಮರೆತ್ರೋ..." ಎಂದಳು. ನಾನು ತಲೆ ತಗ್ಗಿಸಿ ನೂಲು ಸುತ್ತುತ್ತಲೇ ಇದ್ದೆ. ಅವಳೇ ನನ್ನ ಕೈಯಿಂದ ಕಂಡಿಕೆ ತೆಗೆದುಕೊಂಡು, "ನೀನು ಇದನ್ನ ಸುತ್ತಿದ್ದಕ್ಕೇ ನಾನು ಓದಿದ್ದು. ನಿನ್ನ ಮಗೂಗೆ ಸರಿ ಹಿಟ್ಟು ನಂದು," ಎಂದಳು.

ಮಗುವಿಗೆ ಅನ್ನ ಮುಟ್ಟಿಸುವ ಹೊತ್ತಿಗೆ ರಾಜಘಟ್ಟದ ನನ್ನ ಗಂಡನ ಮನೆಗೆ ತಂದೇಬಿಟ್ಟಳು. ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟು. ಅವಳು ಬಸ್ಸು ಹತ್ತಿದ್ದೇ ನಮ್ಮತ್ತೆ, "ಬಂಜೆ ಕೈ ಹಿಟ್ಟು ಚೊಚ್ಚಲ ಕೂಸಿಗಾ? ಬುದ್ಧಿ ಐತಾ ನಿಂಗೆ?" ಅಂದರು. ನಾನು ಎದುರಾಡಲಿಲ್ಲ. ಅತ್ತೆಯ ಮೇಲೆ ಹಾಕಿ ಏನು ಪ್ರಯೋಜನ, ಹೆದರಿಕೆ ನನಗೂ ಇತ್ತು. ಡಬ್ಬಿಯಲ್ಲಿದ್ದ ಹಿಟ್ಟನ್ನೆಲ್ಲ ಎಮ್ಮೆಯ ಕಲಗಚ್ಚಿಗೆ ಸುರಿದೆ.

ಮುಂದಿನ ಸಲ ಬಂದವಳು ಮಗುವಿನ ತೊಡೆ ಹಿಸುಕಿ, "ನನ್ನ ಹಿಟ್ಟು ತಿಂದು ಹೆಂಗಾಗಿದಾನೆ ನೋಡು ಕಳ್ಳ!" ಅಂದಳು. ಹೌದು ಅಂದೆ. ಆ ಹೌದನ್ನು ನಂಬಿ ಅವಳು ಬೀಸುತ್ತಲೇ ಇದ್ದಳು, ನಾನು ಸುರಿಯುತ್ತಲೇ ಇದ್ದೆ...

ಅಕ್ಕ ಹೋಗಿ ಬಹಳ ವರ್ಷವಾಯಿತು. ಅವಳಿಗೆ ಗೊತ್ತಾಗಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ಅದೇ ಸುಡುತ್ತದೆ. ಮೊನ್ನೆ ಸರಿ ಆರಿಸಿ, ಮೊದಲ ತುತ್ತು ಮರಿಮಗನ ಬಾಯಿಗಿಡುವ ಮುಂಚೆ, ಮನೆಯವರೆಲ್ಲ ಕೇಳಲಿ ಎಂದು ಜೋರಾಗಿಯೇ ಹೇಳಿದೆ:

"ಅಕ್ಕಾ, ನಿನ್ನ ಹಿಟ್ಟು ನನ್ನ ಮಗ ತಿನ್ನಲೇ ಇಲ್ಲ. ಎಮ್ಮೆಗೆ ಹಾಕ್ಬಿಟ್ಟೆ. ತಪ್ಪಾಯ್ತು ಕಣಕ್ಕಾ."