ಕರಗಿದ ಸೆರಗು

ಮೊನ್ನೆ ಬೆಳಿಗ್ಗೆ ನಮ್ಮ ಬೀದಿಯ ಕಸದ ಗುಡ್ಡೆಗೆ ಯಾರೋ ಬೆಂಕಿ ಹಚ್ಚಿದ್ದರು. ಪ್ಲಾಸ್ಟಿಕ್ ಚೀಲಗಳು ಕರಗುವ ಕಮಟು ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕೈಯಲ್ಲಿದ್ದ ಚಹಾ ಹಾಗೆಯೇ ಕೆಳಗಿಟ್ಟೆ. ಮನಸ್ಸು ನಮ್ಮೂರು ತಾಂಬಾದ ಹಳೆ ಮನೆಯ ಪಡಸಾಲೆಗೆ ಹೋಗಿಬಿಟ್ಟಿತ್ತು. ಆ ಮನೆ ಈಗಿಲ್ಲ. ಮಣ್ಣಿನ ಮಾಳಿಗೆ ಕುಸಿಯಿತು, ಗೋಡೆಯ ಕಲ್ಲುಗಳನ್ನು ಯಾರ್ಯಾರೋ ಹೊತ್ತುಕೊಂಡು ಹೋದರು. ನಿಮಗೂ ಇಂಥದೊಂದು ಮನೆ ಇದ್ದಿರಬೇಕು, ಇಲ್ಲದಿದ್ದರೆ ನನ್ನ ಮಾತು ಯಾಕೆ ಕೇಳುತ್ತೀರಿ?

ಎಪ್ಪತ್ತರ ದಶಕದ ಶುರುವಿನಲ್ಲಿ ನನಗೆ ಹನ್ನೊಂದು ವರ್ಷ, ಶಾಂತಕ್ಕನಿಗೆ ಹದಿನೆಂಟು. ಸಿಂದಗಿಯ ಕಾಳಿನ ವ್ಯಾಪಾರಿಗಳ ಮನೆಗೆ ಅಕ್ಕನನ್ನು ಕೊಡುವುದೆಂದು ಮಾತಾಗಿತ್ತು. ಸಂಬಂಧ ಗಟ್ಟಿ ಮಾಡಿ ಸಕ್ಕರೆ ಹಂಚಿದ ದಿನ ಬೀಗರು ಅವಳಿಗೊಂದು ಗುಲಾಬಿ ಬಣ್ಣದ ನೈಲಾನ್ ಸೀರೆ ಕೊಟ್ಟರು. ಇಳಕಲ್ ಸೀರೆ, ಕೈಮಗ್ಗದ ದಪ್ಪ ನೂಲು ಬಿಟ್ಟರೆ ಬೇರೆ ಕಾಣದ ನಮ್ಮ ಓಣಿಗೆ ಅದೇ ಮೊದಲ ನೈಲಾನು. ಹೆಂಗಸರು ಸಾಲಾಗಿ ಬಂದು ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿ ಹೋದರು. ನಮ್ಮಪ್ಪನ ತಾಯಿ, ಆಯಿ, ಮಾತ್ರ ಮೂಗು ಮುರಿದಳು. "ಇದೇನ ಅರಿವಿ ಐತೋ, ಉಳ್ಳಾಗಡ್ಡಿ ಸಿಪ್ಪಿ ಐತೋ?" ಅಕ್ಕ ನಗುತ್ತ ಅದನ್ನು ಪೆಟ್ಟಿಗೆಯಲ್ಲಿ ಮಡಚಿಟ್ಟಳು.

ನಾಗರ ಪಂಚಮಿಗೆ ಉಂಡಿ ತಂದು ಉಡಿ ತುಂಬುತ್ತೇವೆ, ಹುಡುಗಿ ನಮ್ಮ ಸೀರೆಯನ್ನೇ ಉಟ್ಟಿರಲಿ ಎಂದು ಬೀಗರು ಹೇಳಿ ಕಳಿಸಿದರು. ಹಿಂದಿನ ದಿನ ಸೀರೆ ತೆಗೆದು ನೋಡಿದರೆ ಸೆರಗಿಗೆ ಮಡಿಕೆಯ ಗೆರೆ ಬಿದ್ದಿತ್ತು. ಅಕ್ಕ ನೀರಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಇಸ್ತ್ರಿ ಮಾಡಿಟ್ಟು ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ನನಗೆ. ನಮ್ಮಲ್ಲಿ ಇಸ್ತ್ರಿಯೆಂದರೆ ಹಿತ್ತಾಳೆ ತಂಬಿಗೆಯೊಳಗೆ ಕೆಂಡ ತುಂಬಿ, ಕೌದಿಯ ಮೇಲೆ ಬಟ್ಟೆ ಹಾಸಿ ಒತ್ತುವುದು. ತಳಕ್ಕೆ ಒದ್ದೆ ಬೆರಳು ತಾಗಿಸಿದರೆ ಚುಂಯ್ ಎನ್ನಬೇಕು, ಆಗಲೇ ಹದ. ಅಪ್ಪನ ಧೋತರಕ್ಕೆ ಕಲಿತ ಹದವನ್ನೇ ನಾನು ನೈಲಾನಿಗೂ ನೋಡಿದೆ. ತಂಬಿಗೆ ಚುಂಯ್ ಎಂದಿತು, ನಾನು ಒತ್ತಿದೆ. ಹೊಗೆ ಬರಲಿಲ್ಲ, ಉರಿಯೂ ಏಳಲಿಲ್ಲ. ಸೆರಗು ಹಾಲಿನ ಕೆನೆಯಂತೆ ಮುದುಡಿ ಒಳಗೆ ಇಳಿಯಿತು. ಗಾಬರಿಯಾಗಿ ತಂಬಿಗೆ ಎತ್ತಿದರೆ ಬಟ್ಟೆಯೂ ಅಂಟಿನಂತೆ ಎಳೆಎಳೆಯಾಗಿ ಜೊತೆಗೇ ಬಂತು. ಸೆರಗಿನ ನಡುವೆ ತಂಬಿಗೆಯ ತಳದಷ್ಟು ತೂತು.

ಅಕ್ಕ ಕೊಡ ಇಳಿಸಿ ನೋಡಿದಳು. ಹೊಡೆಯಲಿಲ್ಲ. "ಅವ್ವನ ಮುಂದ ಬಾಯಿ ಬಿಡಬ್ಯಾಡ, ನಾ ಹೊಲೀತೇನಿ," ಎಂದಳು. ಸುಟ್ಟ ನೂಲಾದರೆ ಕರಿ ಉದುರಿ ಅಂಚು ಮೆತ್ತಗಿರುತ್ತದೆ. ಕರಗಿದ ನೈಲಾನು ಆರಿದ ಮೇಲೆ ಗಾಜಿನಂತೆ ಗಟ್ಟಿಯಾಗಿತ್ತು, ಸೂಜಿ ಚುಚ್ಚಿದಲ್ಲೆಲ್ಲ ಮುರಿಯುತ್ತಿತ್ತು. ಹೇಗೋ ಎಳೆದು ಕಟ್ಟಿ, ಆ ಭಾಗ ಮಡಿಕೆಯೊಳಗೆ ಬರುವಂತೆ ಸೆರಗು ಹೊದ್ದು ಮರುದಿನ ಮಣೆಯ ಮೇಲೆ ಕೂತಳು.

ಅಕ್ಕ ಒಡ್ಡಿದ ಸೆರಗಿನ ಉಡಿಗೆ ಬೀಗಿತಿ, ಹುಡುಗನ ತಾಯಿ, ಅಕ್ಕಿ ಹಾಕಿದರು, ಅರಿಶಿನ ಕೊಂಬು ಹಾಕಿದರು. ತೆಂಗಿನಕಾಯಿ ಬಿದ್ದದ್ದೇ ಹೊಲಿಗೆ ಚಟ್ಟನೆ ಹರಿಯಿತು. ಉಡಿಯ ಅಕ್ಕಿಯೆಲ್ಲ ನೆಲದ ಮೇಲೆ ಸುರಿಯಿತು.

"ನಾ ತುಂಬಿದ ಉಡಿ ನೆಲಕ್ಕ ಬಿತ್ತಲ್ಲವ್ವಾ," ಎಂದರು ಬೀಗಿತಿ.

"ನಾನ ಸುಟ್ಟೇನ್ರಿ ಅತ್ತ್ಯಾರ, ತಪ್ಪಾತ್ರಿ," ಎಂದಳು ಅಕ್ಕ. ನಾನು ಕಂಬದ ಹಿಂದೆ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಅವರು ಚಹಾ ಕೂಡ ಕುಡಿಯದೆ ಮಧ್ಯಾಹ್ನದ ಬಸ್ಸಿಗೆ ಹೋದರು. ವಾರದಲ್ಲಿ ಸಂಬಂಧ ಮುರಿಯಿತು. ಉಡಿ ನಿಲ್ಲದಾಕಿ, ಅಂದರೆ ಮಕ್ಕಳ ಫಲ ನಿಲ್ಲದವಳು, ಎಂಬ ಹೆಸರು ಅಕ್ಕನಿಗಿಂತ ಮೊದಲು ಪ್ರತಿ ಊರಿಗೂ ಹೋಗಿ ತಲುಪುತ್ತಿತ್ತು. ನಾಲ್ಕು ವರ್ಷ ಕಾದು, ಕೊನೆಗೆ ಮುದ್ದೇಬಿಹಾಳದ ಕಡೆಯ ಮೂರು ಮಕ್ಕಳ ವಿಧುರನಿಗೆ ಕೊಟ್ಟರು. ಅವಳಿಗೆ ಮಕ್ಕಳಾಗಲಿಲ್ಲ. ಆಡಿಕೊಳ್ಳುವವರಿಗೆ ಅಷ್ಟು ಸಾಕಾಯಿತು.

ನನಗೆ ಗಂಡು ಗೊತ್ತಾಗಿ ಉಡಿ ತುಂಬುವ ದಿನ ಅಕ್ಕ ಬಂದಿದ್ದಳು. ಕೈಬಳೆ ಸಡಿಲವಾಗಿ ಮೊಣಕೈಗೆ ಜಾರುವಷ್ಟು ಸೊರಗಿದ್ದಳು. ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಇವತ್ತರ ಎಲ್ಲಾರ ಮುಂದ ಹೇಳಿಬಿಡ್ತೇನಿ," ಎಂದೆ.

ಅವಳು ನನ್ನ ನಿರಿಗೆ ಸರಿ ಮಾಡುತ್ತ ತಲೆ ಎತ್ತದೆ ಹೇಳಿದಳು, "ಸುಮ್ನಿರು. ಈಗ ಹೇಳಿದ್ರ ನಿಂದೂ ಹೋಗ್ತೈತಿ."

ನಾನು ಸುಮ್ಮನಾದೆ. ಆ ಮದುವೆ ನನಗೆ ಬೇಕಾಗಿತ್ತು. ಅಕ್ಕ ನಲವತ್ತು ತುಂಬುವ ಮೊದಲೇ ಹೋದಳು. ಅವ್ವ ಮಾತ್ರ ಬಹಳ ಕಾಲ ಬದುಕಿದಳು. "ಶಾಂತಾ ತನ್ನ ಬಾಳೇವು ತಾನ ಕೈಯಾರೆ ಸುಟಗೊಂಡ್ಳು," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ.