ಹುಲ್ಲಿನಡಿಯ ಪಾಳಿ

ನಂದಿದುರ್ಗ ಚಿನ್ನದ ಗಣಿಯ ಕಾಲೊನಿಯಲ್ಲಿದ್ದ ನಮ್ಮ ಬಂಗಲೆಯ ಮಾಲಿ ಮೊದಲು ಗಣಿಯೊಳಗೆ ದುಡಿದವನು. ಮಳೆ ಬರುತ್ತದೆಯೇ ಎಂದು ಕೇಳಿದರೂ “ಕೆಳಕ್ಕಿಳ್ದು ನೋಡ್ಬೇಕು ಸಾಮಿ” ಎನ್ನುತ್ತಿದ್ದ. ನಮ್ಮಪ್ಪ ಗಣಿ ಕಚೇರಿಯ ಅಧಿಕಾರಿ. ಗಣಿಗೆ ಒಮ್ಮೆಯೂ ಇಳಿದವರಲ್ಲ.

ಆ ವರ್ಷ ಮಳೆಗಾಲದಲ್ಲೇ ಹುಲ್ಲುಹಾಸು ಕಂದಿತು. “ನೀರು ಬಿಡೋ ಸೋಮಾರಿ” ಎಂದು ಅಪ್ಪ ರೇಗಿದರು. ಅವನು ಕುಕ್ಕರಗಾಲಲ್ಲಿ ಕೂತು ಹುಲ್ಲನ್ನು ಚಾಪೆಯಂತೆ ಸುತ್ತಿ ಎತ್ತಿದ. ಅಡಿಯಲ್ಲಿ ಬೇರು ತಿಂದು ಕೊಬ್ಬಿದ ಬಿಳಿ ಗೊಣ್ಣೆಹುಳುಗಳು!

“ಇವು ಅಂಡರ್‌ಗ್ರೌಂಡ್ ಶಿಫ್ಟಿನವು ಸಾಮಿ, ಮೇಲ್ ಕುಂತೋರ್ಗೆ ಕಾಣ್ಸಲ್ಲ. ನೀರ್ ಬ್ಯಾಡ. ಮಣ್ಣು ಕೆದ್ರಿ ಆಯ್ಬೇಕು, ಮಿಕ್ಕಿದ್ದು ಗೊರವಂಕ ತಿಂತವೆ.”

ಮರುದಿನ ಅಪ್ಪ ಪ್ಯಾಂಟು ಮಡಚಿ, ಮಂಡಿಯೂರಿ, ಮೂಗು ಮಣ್ಣಿಗೆ ತಾಗುವಷ್ಟು ಬಾಗಿ ಹುಳು ಆಯುತ್ತಿದ್ದರು. ಮಾಲಿ ತನ್ನ ಹಳೆಯ ಗಣಿ ಟೋಪಿ ತಂದು ಗಂಭೀರವಾಗಿ ಚಾಚಿದ:

“ಆಕ್ಕೊಳ್ಳಿ ಸಾಮಿ, ಇವತ್ತು ಇಳ್ದಿದೀರಲ್ಲ.”